ನಾಲ್ಕನೇ ಟರ್ಮಿನಲ್

ನವೆಂಬರ್ 16, ಬೆಳಿಗ್ಗೆ
ಲ್ಯಾಪ್‌ಟಾಪಿನಲ್ಲಿ ಕೋಡ್ ಬರೆಯುವ ಎಡಿಟರ್ ತೆರೆದ ಕೂಡಲೇ ಟರ್ಮಿನಲ್‌ಗಳು ತಾವಾಗಿ ಎದ್ದವು, ಸಾಲಾಗಿ ಕಪ್ಪು ಕಿಟಕಿಗಳು. ಸರ್ವರ್, ಡೇಟಾಬೇಸ್, ಟೆಸ್ಟ್. ಅಷ್ಟು ಕಂಪೆನಿ ಕೆಲಸಕ್ಕೆ. ನಾಲ್ಕನೆಯದು ನನಗೆ. ಅದಕ್ಕೆ ಮಗುವಿನ ಹೆಸರು ಇಟ್ಟಿದ್ದೇನೆ – ಯತಿನ್. ತೊಟ್ಟಿಲ ಮೇಲೆ ಕಟ್ಟಿದ ಹಳೇ ಫೋನು ಅವನ ಉಸಿರು ಕೇಳಿ ಇಲ್ಲಿಗೆ ಕಳಿಸುತ್ತದೆ. ಕೇಳಿದರೆ ಹಸಿರು ಅಕ್ಷರ: ಉಸಿರು ಉಂಟು. ಕೇಳದಿದ್ದರೆ ಕೆಂಪು.

ದಿನ ತುಂಬುವ ಮೊದಲೇ ಹುಟ್ಟಿದವ. ಆಸ್ಪತ್ರೆಯಲ್ಲಿ ಎರಡು ಸಲ ಉಸಿರಾಡಲು ಮರೆತಿದ್ದ. ಇನ್ನು ಹೆದರಿಕೆ ಇಲ್ಲ ಅಂದರು ಡಾಕ್ಟರ್. ಹೇಳ್ಲಿಕ್ಕೆ ಸುಲಭ.

ಅತ್ತೆ ಹಿಂದೆ ನಿಂತು ನೋಡಿದರು. "ಇದೆಂತ ಮಾರಾಯ್ತಿ... ಮೂಗಿನ ಹತ್ತಿರ ಬೆರಳು ಹಿಡಿದರೆ ಆಗುವುದಿಲ್ಲವಾ? ಅದಕ್ಕೆ ಕರೆಂಟು ಬೇಡ."

ನವೆಂಬರ್ 17
ಸೀತಾಂಗೋಳಿಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ. ಹೋದರೆ ವೈಫೈ ಇಲ್ಲ. ನಾಲ್ಕನೆಯದು ಕೆಂಪು. ಮೀಟಿಂಗ್ ಬಿಟ್ಟು ಓಡಿದೆ. ಮಗು ಆರಾಮ ನಿದ್ದೆ.

ನಾಲ್ಕನೆಯದನ್ನು ನಡೆಸುವ ಸ್ಕ್ರಿಪ್ಟಿಗೆ, ನಾನೇ ಬರೆದ ಕೋಡಿಗೆ, ಒಂದು ಸಾಲು ಸೇರಿಸಿದೆ – ಸಂಪರ್ಕ ತಪ್ಪಿದರೆ ಕೆಂಪು ಬೇಡ, ಹಿಂದಿನ ಉತ್ತರವನ್ನೇ ತೋರಿಸುತ್ತಾ ಇರು. ಎದೆ ಸ್ವಲ್ಪ ಹಗುರ.

ನವೆಂಬರ್ 23
ಕೆಂಪು ಬರಲೇ ಇಲ್ಲ. ಆದರೂ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಒಳಗೆಲ್ಲ ಕೆಂಪು.

ಅತ್ತೆ ಮಗುವನ್ನು ಮೀಯಿಸಲು ಒಯ್ದರು. ಖಾಲಿ ತೊಟ್ಟಿಲು ಬಿಡಬಾರದು ಅವರಿಗೆ – ಅರೆಯುವ ಗುಂಡುಕಲ್ಲನ್ನು ಮಗುವಿನ ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಾರೆ. ಬಚ್ಚಲಲ್ಲಿ ಯತಿನ್ ಅಳುತ್ತಿದ್ದ. ಇಲ್ಲಿ ಸ್ಕ್ರೀನಿನಲ್ಲಿ: ಉಸಿರು ಉಂಟು. ಉಸಿರು ಉಂಟು.

ಹೋಗಿ ನೋಡಿದೆ. ಫೋನಿನಲ್ಲಿ ಚಾರ್ಜೇ ಇಲ್ಲ. ಯಾವಾಗಿನಿಂದ... ಗೊತ್ತಿಲ್ಲ. ಹಾಗಾದರೆ ಇಷ್ಟು ದಿನ ನಾನು ನಂಬಿದ್ದು ಯಾವ ಉಸಿರನ್ನು?

ನಾನೇ ಕಲಿಸಿದ ಸುಳ್ಳು. ಸಾಲು ಅಳಿಸಿದೆ.

ಅತ್ತೆಗೆ ಹೇಳಿದರೆ ನಕ್ಕರು. "ಕಲ್ಲಿಗೆ ಜೀವ ಬಂತಾ? ಪುಣ್ಯಕ್ಕೆ ಹಾಲು ಕೇಳುವುದಿಲ್ಲ."

ನವೆಂಬರ್ 24
ಆ ಸಾಲು ಇಲ್ಲ. ಮತ್ತೆ ಮತ್ತೆ ನೋಡಿದೆ. ಫೋನನ್ನು ಚಾರ್ಜರಿಗೆ ಸಿಕ್ಕಿಸಿಯೇ ಇಟ್ಟಿದ್ದೇನೆ. ತೊಟ್ಟಿಲಲ್ಲಿ ಮಗು – ಹಸಿರು. ಎತ್ತಿಕೊಂಡೆ – ಕೆಂಪು. ಸರಿ ಉಂಟು.

ಅತ್ತೆ ಕಲ್ಲು ಮಲಗಿಸಿದರು – ಹಸಿರು.

ಫ್ಯಾನಿನ ಸದ್ದಿರಬೇಕು. ಆಫ್ ಮಾಡಿದೆ. ಹಸಿರೇ.

ದುಬೈಗೆ ಫೋನ್ ಮಾಡಿದೆ. ವಿಖ್ಯಾತ್ ಅಂದರು, "ನೀನು ಮೊದಲು ಸ್ವಲ್ಪ ಮಲಗು ಅಶ್ಮಿತಾ. ಕಲ್ಲು ಎಲ್ಲಿಗೂ ಓಡುವುದಿಲ್ಲ." ಗಂಡಂದಿರಿಗೆ ಎಲ್ಲದಕ್ಕೂ ಒಂದೇ ಮದ್ದು.

ನವೆಂಬರ್ 27, ಮಧ್ಯಾಹ್ನ
ಅತ್ತೆ ಶಿರಿಯಕ್ಕೆ ಹೋದರು, ಅವರ ತಂಗಿ ಮನೆಗೆ. ಹೋಗುವ ಮೊದಲು ಮಗುವನ್ನು ಎತ್ತಿ ನನ್ನ ಮಡಿಲಿಗೆ ಕೊಟ್ಟರು. ತೊಟ್ಟಿಲಿಗೆ ಕಲ್ಲು.

ತೊಟ್ಟಿಲಿನಿಂದ ಫೋನು ಬಿಚ್ಚಿ ತಂದೆ. ಸ್ವಿಚ್ ಆಫ್ ಮಾಡಿ ಮೇಜಿನ ಮೇಲಿಟ್ಟೆ. ಎಡಿಟರ್ ಮುಚ್ಚಿ ಪುನಃ ತೆರೆದೆ. ಎಲ್ಲ ತಾವಾಗಿ ಎದ್ದವು. ನಾಲ್ಕನೆಯದು: ಉಸಿರು ಉಂಟು.

ಬರೆದಿಟ್ಟರೆ ನಾಳೆ ನಾನೇ ನಂಬಿಯೇನು ಅಂತ ಬರೆಯುತ್ತಿದ್ದೇನೆ.

ಮಗುವನ್ನು ಹೆಗಲಿಗೆ ಹಾಕಿಕೊಂಡು ತೊಟ್ಟಿಲ ಹತ್ತಿರ ಹೋದೆ. ಬಟ್ಟೆ ಸರಿಸಿದೆ. ಕಲ್ಲೇ. ಅತ್ತೆ ಹೇಳಿದ ಹಾಗೆ ಬೆರಳು ಹಿಡಿದೆ. ಬೆಚ್ಚಗಿನ ಗಾಳಿ. ಬಂತು, ನಿಂತಿತು, ಪುನಃ ಬಂತು.

ಈಗ ಕುರ್ಚಿಗೆ ಬಂದು ಕೂತಿದ್ದೇನೆ. ಯತಿನ್ ಮಡಿಲಲ್ಲಿ. ಹಾಲಿನ ಹೊತ್ತು ದಾಟಿ ಹೋಗಿದೆ. ಅತ್ತಿಲ್ಲ. ಎಂತ ಭಾರ ಇವ ಇವತ್ತು, ಕಲ್ಲಿನ ಹಾಗೆ...

ಸ್ಕ್ರೀನ್ ನೋಡುವುದಿಲ್ಲ. ಇವನ ಮೂಗಿನ ಹತ್ತಿರ ಬೆರಳು ಹಿಡಿದು –