ಒಡೆಯದ ನಿಂಬೆಹಣ್ಣು

ನೆಲೋಗಿಯ ಶಿವಪ್ರಕಾಶ ಗೌಡರಿಗೆ ಅಫಜಲಪುರದ ಮಿಸ್ತ್ರಿ ಮಾಳಿಂಗನ ಶರಣು.

ನಿಮ್ಮ ಪತ್ರ ಮುಟ್ಟಿತು. ನಾನು ಕಟ್ಟಿಕೊಟ್ಟ ಪಿಕಪ್ಪಿಗೆ ದಮ್ಮಿಲ್ಲದ್ದಕ್ಕೇ ರಾಜಸ್ಥಾನದ ಮರಳುಗಾಡಿನ ರೇಸಿನಲ್ಲಿ ಮರ್ಯಾದೆ ಹೋಯಿತೆಂದು ಬರೆದಿದ್ದೀರಿ. ನಮ್ಮ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೂ ಹಾಗೇ ಹೇಳಿದ್ದೀರಿ. ಅದನ್ನು ಕೇಳಿ ಇಬ್ಬರು ಗಿರಾಕಿಗಳು ನನ್ನ ಗ್ಯಾರೇಜಿನಿಂದ ಗಾಡಿ ವಾಪಸು ಒಯ್ದರು.

ಎಂಟು ತಿಂಗಳು ಆ ಗಾಡಿಗೆ ವೆಲ್ಡಿಂಗ್ ಮಾಡಿದವನು ನಾನು. ಭೀಮಾ ದಂಡೆಯ ಉಸುಕಿನಲ್ಲಿ ಓಡಿಸಿ ನೋಡಿದವನೂ ನಾನೇ. ಕೈಗೆ ಗ್ರೀಸ್ ಹತ್ತಬಾರದೆಂದು ದೂರ ನಿಂತ ನೀವು ಮಾಡಿದ್ದು ಎರಡೇ ಕೆಲಸ. ಬಾಗಿಲ ಮೇಲೆ ನಿಮ್ಮ ಹೆಸರು ಬರೆಸಿದಿರಿ, ರೇಸು ಶುರುವಾಗುವ ಗೆರೆಯಲ್ಲಿ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಿರಿ.

"ಗೌಡ್ರ, ಉಸುಕಿನ್ಯಾಗ ಲಿಂಬಿಕಾಯಿ ಒಡ್ಯಂಗಿಲ್ರಿ, ಹೂತು ಹೋಗ್ತದ" ಎಂದೆ.

"ಸುಮ್ನಿರಲೇ, ಅದು ಒಡೀದ ಹೊಂಟ್ರ ಅಪಶಕುನ" ಎಂದಿರಿ.

ಗಾಲಿಯನ್ನು ಅದರ ಮೇಲೆ ಹಿಂದಕ್ಕೆ ಮುಂದಕ್ಕೆ ಹನ್ನೊಂದು ಸಲ ಹತ್ತಿಸಿದಿರಿ. ಬಾವುಟ ಬೀಸಿದಾಗ ಉಳಿದ ಗಾಡಿಗಳೆಲ್ಲ ಧೂಳೆಬ್ಬಿಸಿ ಹೋದವು. ನಿಮ್ಮದು ಆಕ್ಸಲ್ಲಿನ ತನಕ ಹೂತು ನಿಂತಿತ್ತು. ನೀವು ಡೇರೆಗೆ ಹೋಗಿ ಚಹಾ ಕುಡಿದಿರಿ, ನಾನು ಸಲಿಕೆ ಹಿಡಿದು ಅಗೆದೆ.

ಒಂದೇ ವಿನಂತಿ. ಬರುವ ಸೋಮವಾರ ಅದೇ ಚಹಾದಂಗಡಿಯಲ್ಲಿ ನಿಂತು ಈ ಪತ್ರವನ್ನು ಗಟ್ಟಿಯಾಗಿ ಓದಿ. ಸಾಕ್ಷಿಗೆ, ಅಗೆಯುವಾಗ ಸಿಕ್ಕ ಆ ನಿಂಬೆಹಣ್ಣನ್ನೂ ಕಳಿಸಿದ್ದೇನೆ. ಸ್ವಲ್ಪ ಒಣಗಿದೆ, ಆದರೆ ಎಲ್ಲೂ ಒಡೆದಿಲ್ಲ. ನಿಮ್ಮ ಕಡೆಯಿಂದ ರೇಸಿಗೆ ಹೋಗಿ ಸೋಲದೆ ಬಂದದ್ದು ಅದೊಂದೇ.

ಇತಿ,
ನಿಮ್ಮ ಗಾಡಿ ಕಟ್ಟಿದ
ಮಾಳಿಂಗ