ಕಾಫಿ ಕುಡಿದ ಕಪ್ಪೆಚಿಪ್ಪುಗಳು

ಮೈಲಾಪೂರ್, ಶುಕ್ರವಾರ ಬೆಳಿಗ್ಗೆ

ಗೋದಾಬಾಯಿ ಮಾಮಿಗೆ ಮಹಡಿಮನೆಯ ಇಂಪನಾಳ ನಮಸ್ಕಾರ.

ನೀವು ಮಡಿಯಲ್ಲಿದ್ದೀರಿ, ನನಗೆ ಬಸ್ಸಿಗೆ ಹೊತ್ತಾಯಿತು. ಹಾಗಾಗಿ ಈ ಚೀಟಿಯನ್ನು ನಿಮ್ಮ ಹಾಲಿನ ಚೀಲದಲ್ಲಿಟ್ಟು ಹೋಗುತ್ತಿದ್ದೇನೆ.

ಲ್ಯಾಬಿಗೆ ಬಣ್ಣ ಹೊಡೆಯುತ್ತಿದ್ದಾರೆಂದು ನಾನು ತಾರಸಿಯಲ್ಲಿ ತಂದಿಟ್ಟ ಜೀವಂತ ಕಪ್ಪೆಚಿಪ್ಪುಗಳ ಟಬ್ಬಿನ ನೀರು ನಿನ್ನೆ ಕಂದುಬಣ್ಣಕ್ಕೆ ತಿರುಗಿತ್ತು. ಮೂಸಿದೆ. ಆ ಘಮ ನಿಮ್ಮ ಫಿಲ್ಟರ್ ಕಾಫಿಯದೇ.

ಮೊನ್ನೆ ನಾನು, ಸೀಸದ ವಿಷ ಬೆರೆತ ನೀರಿನಲ್ಲಿ ಕಾಫಿಯೊಳಗಿನ ಕೆಫೀನ್ ಇವನ್ನು ಕಾಪಾಡುತ್ತದೆಯೇ ಎಂದು ನೋಡುವುದೇ ನನ್ನ ಸಂಶೋಧನೆ ಎಂದಾಗ ನೀವು, "ಪಾವಂ, ಪಾಪ, ಇವಕ್ಕೆ ಈಗ್ಲೇ ಕೊಂಚ ಕುಡಿಸ್ಬಾರ್ದೇನೇ?" ಅಂದಿರಿ. ನಕ್ಕೆ. "ಎಲ್ಲಾ ಆದ್ಮೇಲೆ ಇವನ್ನ ಏನ್ಮಾಡ್ತೀ?" ಎಂದು ಕೇಳಿದಾಗ ಮಾತ್ರ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಎದ್ದುಹೋದೆ. ಬರುವ ಸೋಮವಾರ ಇವನ್ನು ಸೀಸದ ನೀರಿಗೆ ಬಿಟ್ಟು, ಕೊನೆಗೆ ಒಂದೊಂದನ್ನೂ ಕೊಯ್ದು ನೋಡಬೇಕಿತ್ತು.

ಅಳತೆಯಿಲ್ಲದೆ ಡಿಕಾಕ್ಷನ್ ಕುಡಿದವು ಪ್ರಯೋಗಕ್ಕೆ ಬರುವುದಿಲ್ಲ, ಬೇರೆ ತಾ ಎಂದರು ನಮ್ಮ ಪ್ರೊಫೆಸರ್. ಸ್ವಲ್ಪ ಬೈದರು ಕೂಡ.

ಅದಕ್ಕೇ ಒಂದು ಕೋರಿಕೆ. ಟಬ್ಬು ನಿಮ್ಮ ತುಳಸಿಕುಂಡದ ಪಕ್ಕದ ನೆರಳಿನಲ್ಲಿ ಹಾಗೇ ಇರಲಿ. ನೀರು ಬದಲಾಯಿಸಿದ್ದೇನೆ. ಎಲ್ಲವೂ ಬಾಯಿ ತೆರೆದುಕೊಂಡು ಆರಾಮಾಗಿವೆ, ಮುಟ್ಟಿದರೆ ಪಟ್ಟನೆ ಮುಚ್ಚಿಕೊಳ್ಳುತ್ತವೆ. ಇನ್ನು ಅವಕ್ಕೆ ಕಾಫಿ ಬೇಡ, ಸಂಜೆ ನನಗೆ ಕೊಟ್ಟರೆ ಸಾಕು.

ಕೆಫೀನ್ ಸೀಸದಿಂದ ಕಾಪಾಡುತ್ತದೋ ಇಲ್ಲವೋ ಎಂದು ಹೇಳಲು ನನಗೆ ಇನ್ನೂ ಒಂದು ವರ್ಷ ಬೇಕು, ಮಾಮಿ. ನಿಮ್ಮ ಕಾಫಿ ಇವನ್ನು ಆಗಲೇ ಕಾಪಾಡಿಬಿಟ್ಟಿತು, ನನ್ನ ಕೈಯಿಂದ.

ಸಂಜೆ ಲೋಟ ಹಿಡಿದು ಬರುವ,
ಇಂಪನಾ