ಉಪ್ಪಿಲ್ಲದ ಒಂದು ಚಮಚ ಸಾರು

ಲುಬ್ಲಿನ್, ಭಾನುವಾರ ಸಂಜೆ

ಮನೆಯೊಡತಿ ಬೊಗುಮಿಲಾ ಅಮ್ಮನವರಿಗೆ ಮೂರನೇ ಮಹಡಿಯ ಬಾಡಿಗೆದಾರ ಸೆವೆರಿನ್ ಮಾಡುವ ನಮಸ್ಕಾರಗಳು.

ಹೋದ ಭಾನುವಾರ ನಿಮ್ಮ ಬಾಗಿಲು ತಟ್ಟಿ, ಉಪ್ಪು ಹಾಕುವ ಮುಂಚೆ ಒಂದು ಚಮಚ ಕೋಳಿ ಸಾರು ತೆಗೆದುಕೊಡಿ ಎಂದು ಬೇಡಿದ್ದೆ. "ಹೊಟ್ಟೆ ಸರಿ ಇಲ್ವೇನೋ?" ಎಂದಿರಿ. ಹೂಂ ಎಂದೆ. ಅದು ಸುಳ್ಳು. ಸಾರು ಬೇಕಾಗಿದ್ದದ್ದು ನನ್ನ ಹಾವಿನ ಮರಿಗೆ.

"ನಾಯಿ, ಬೆಕ್ಕು, ಗಿಳಿ, ಏನೂ ಬೇಡಪ್ಪ ನನ್ನ ಮನೇಲಿ" ಎಂದು ನೀವು ಮೊದಲ ದಿನವೇ ಹೇಳಿದ್ದಿರಿ. ಆದರೂ ಇದನ್ನು ತಂದಿಟ್ಟುಕೊಂಡೆ. ವಿಷದ ಹಾವಲ್ಲ, ಪೆನ್ಸಿಲ್‌ನಷ್ಟು ದಪ್ಪ ಅಷ್ಟೇ. ಏಳು ವಾರ ಅದು ಏನನ್ನೂ ಮುಟ್ಟಲಿಲ್ಲ. ಇಲಿಮರಿಯನ್ನು ಸಪ್ಪೆ ಕೋಳಿ ಸಾರಿನಲ್ಲಿ ಅದ್ದಿ ಕೊಡು ಎಂದು ಹಾವು ಮಾರಿದವನು ಹೇಳಿದ. ನಿಮ್ಮ ಸಾರಿನ ವಾಸನೆಗೆ ಅದು ತಲೆಯೆತ್ತಿತು, ನುಂಗಿಯೇ ಬಿಟ್ಟಿತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಗುರುವಾರ ನೀವು ಕೋಣೆ ಬೆಚ್ಚಗಿಡುವ ರೇಡಿಯೇಟರ್ ನೋಡಲು ಬಂದಾಗ ನಾನು ಕೆಲಸಕ್ಕೆ ಹೋಗಿದ್ದೆ. ಹಾವಿನ ಗಾಜಿನ ಪೆಟ್ಟಿಗೆಯ ಮೇಲೆ ಮರೆಗೆಂದು ಹೊದಿಸಿದ್ದ ನನ್ನ ಅಂಗಿ, ವಾಪಸು ಬಂದು ನೋಡಿದರೆ, ನೀಟಾಗಿ ಮಡಿಚಿ ಕುರ್ಚಿಯ ಮೇಲಿತ್ತು. ಅಂದಿನಿಂದ ಗಂಟುಮೂಟೆ ಕಟ್ಟಿಕೊಂಡೇ ಕೂತಿದ್ದೆ.

ಇಂದು ಮಧ್ಯಾಹ್ನ ಬಾಗಿಲ ಬಳಿ ಪ್ರತಿ ಭಾನುವಾರದಂತೆ ನನ್ನ ಪಾಲಿನ ಸಾರು. ಪಕ್ಕದಲ್ಲಿ, ಬೇಯಿಸಿದ ಮೊಟ್ಟೆ ಇಡುವ ಪುಟ್ಟ ಬಟ್ಟಲಿನಲ್ಲಿ ಇನ್ನೊಂದಿಷ್ಟು ಸಾರು, ಜೊತೆಗೆ ಚೀಟಿ: "ಇದು ಸಪ್ಪೆ. ಅದಕ್ಕೆ ಕೊಡು. ಮೆಟ್ಟಿಲ ಮೇಲೆ ಕಂಡ್ರೆ ಮಾತ್ರ ಇಬ್ರನ್ನೂ ಆಚೆ ಹಾಕ್ತೀನಿ."

ಅಮ್ಮ, ಪುಟ್ಟ ಬಟ್ಟಲನ್ನು ತೊಳೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಮುಂದಿನ ಭಾನುವಾರಕ್ಕೆ ಬೇಕಲ್ಲವೇ?

ನಿಮ್ಮ ಋಣದಲ್ಲಿರುವ,
ಸೆವೆರಿನ್